ಪಜಲ್ ಎಷ್ಟು ಕಷ್ಟ ಎಂದು ಮಗುವನ್ನೇ ಕೇಳಿ

ಚೆಸ್ ಕಲಿಯುತ್ತಿರುವ ಮಕ್ಕಳ ತಂದೆತಾಯಂದಿರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೋಷಕರೇ,

ತಾಲ್ಲೂಕು ಕೇಂದ್ರವೊಂದರಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುವವನು ನಾನು. 2024ರ ಕೊನೆಯಲ್ಲಿ ಡಿ. ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮಂಥವರ ತರಗತಿಗಳಿಗೂ ಹೊಸ ಮಕ್ಕಳು ಬಂದರು. ಅವರ ಹಿಂದೆಯೇ ಒಂದು ಪ್ರಶ್ನೆಯೂ ಬಂತು. ಮಗುವನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಫೋನ್ ತೋರಿಸುತ್ತಾರೆ: "ಸರ್, ಇವನ ಪಜಲ್ ರೇಟಿಂಗ್ 1900 ದಾಟಿದೆ ನೋಡಿ. ಮತ್ತೆ ಟೂರ್ನಮೆಂಟಲ್ಲಿ ಯಾಕೆ ಸೋತು ಬರ್ತಾನೆ?" ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಅದಕ್ಕೇ ಈ ಪತ್ರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಜಲ್ ಬಿಡಿಸುವುದು ಒಂದು ವಿದ್ಯೆ. ಎದುರಿಗಿರುವುದು ಎಷ್ಟು ಕಷ್ಟದ್ದು ಎಂದು ಅಂದಾಜು ಮಾಡುವುದು ಇನ್ನೊಂದು ವಿದ್ಯೆ. ಬೋರ್ಡಿನ ಮುಂದೆ ಕೂತಾಗ ಎರಡನೆಯದು ಇಲ್ಲದೆ ಮೊದಲನೆಯದು ಉಪಯೋಗಕ್ಕೆ ಬರುವುದಿಲ್ಲ. ಫೋನಿನ ಆ್ಯಪ್‌ಗಳು ಪ್ರತಿ ಪಜಲ್‌ಗೂ ಅಂಕಿ ಅಂಟಿಸಿ ಕೊಡುವುದರಿಂದ ಈ ಎರಡನೆಯ ವಿದ್ಯೆಯನ್ನು ಕಲಿಯುವ ಅವಕಾಶವೇ ಮಕ್ಕಳಿಗೆ ತಪ್ಪುತ್ತಿದೆ. ಆ ಅಂಕಿಯನ್ನೇ ಹಿಡಿದು ಮಕ್ಕಳನ್ನು ಅಳೆಯಲು ಹೊರಟಾಗ ನಾವು ದೊಡ್ಡವರೂ ಅದಕ್ಕೆ ಕೈ ಜೋಡಿಸುತ್ತೇವೆ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಅರ್ಪಾದ್ ಎಲೋ ಎಂಬ ಅಮೆರಿಕದ ಭೌತಶಾಸ್ತ್ರದ ಮೇಷ್ಟ್ರು ಆಟಗಾರರ ಬಲವನ್ನು ಅಂಕಿಯಲ್ಲಿ ಹೇಳುವ ಒಂದು ಲೆಕ್ಕ ಮಾಡಿದರು. 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು ಒಪ್ಪಿಕೊಂಡಿತು. ಇಬ್ಬರ ರೇಟಿಂಗ್ ಒಂದೇ ಇದ್ದರೆ ಗೆಲುವಿನ ಅಂದಾಜು ಅರ್ಧಕ್ಕರ್ಧ. 200 ಅಂತರವಿದ್ದರೆ ಮೇಲಿನವರಿಗೆ ಸರಿಸುಮಾರು ಮುಕ್ಕಾಲು ಪಾಲು. ಆ್ಯಪ್‌ಗಳು ಇದೇ ಬಗೆಯ ಲೆಕ್ಕವನ್ನು ಪಜಲ್‌ಗಳಿಗೂ ಹಚ್ಚಿದವು. ಅಲ್ಲಿ ಪಜಲ್ ಕೂಡ ಒಬ್ಬ ಆಟಗಾರ. ಮಗು ಬಿಡಿಸಿದರೆ ಪಜಲ್ ಸೋತ ಹಾಗೆ, ಅದರ ರೇಟಿಂಗ್ ಇಳಿಯುತ್ತದೆ. ಮಗು ತಪ್ಪಿದರೆ ಪಜಲ್ ಗೆದ್ದ ಹಾಗೆ, ಅದರ ರೇಟಿಂಗ್ ಏರುತ್ತದೆ. ಲಿಚೆಸ್ ಎಂಬ ಉಚಿತ ತಾಣ ಎಲೋ ಲೆಕ್ಕದ ಮುಂದುವರಿದ ರೂಪವಾದ ಗ್ಲಿಕೊ-2 ಅನ್ನು ಬಳಸುತ್ತದೆ. ಅದನ್ನು ರೂಪಿಸಿದವರು ಮಾರ್ಕ್ ಗ್ಲಿಕ್‌ಮನ್. ಜನ ಆಡಿದ ಆಟಗಳನ್ನು ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ) ಜಾಲಾಡಿ ಹೆಕ್ಕಿದ ಲಕ್ಷಾಂತರ ಪಜಲ್‌ಗಳು ಅಲ್ಲಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ಇದೊಂದು ದೊಡ್ಡ ಉಪಕಾರ. ನಾನೂ ದಿನವೂ ಬಳಸುತ್ತೇನೆ.

ಆದರೆ ಆ ಅಂಕಿ ಹೇಳುವುದು ಒಂದೇ ವಿಷಯ: ಈ ಪಜಲ್ ಎದುರು ಎಂಥೆಂಥವರು ಗೆದ್ದರು, ಎಂಥೆಂಥವರು ಸೋತರು ಎಂಬುದು. ಅದು ಗುಂಪಿನ ಲೆಕ್ಕ. ನಿಮ್ಮ ಮಗು ಎಲ್ಲಿ ತಡವರಿಸಿತು ಎಂಬುದು ಅದರೊಳಗಿಲ್ಲ. ಐದು ನಡೆಯ ಪಜಲ್‌ನಲ್ಲಿ ನಾಲ್ಕು ಸರಿ ಆಡಿ ಐದನೆಯದರಲ್ಲಿ ತಪ್ಪಿದವನೂ, ಮೊದಲ ನಡೆಯಲ್ಲೇ ಎಡವಿದವನೂ ಆ ಲೆಕ್ಕದಲ್ಲಿ ಒಂದೇ. ಕಾಗದದ ಮೇಲೆ ಎಲ್ಲ ಉತ್ತರಗಳನ್ನೂ ಬರೆದುಕೊಂಡು ಆಡಿದವನೂ, "ಇಲ್ಲಿ ರಾಣಿ ಕೊಟ್ಟರೆ ಏನೋ ಆಗಬಹುದು" ಎಂದು ಒತ್ತಿಬಿಟ್ಟು ಗೆದ್ದವನೂ ಒಂದೇ. ಜೊತೆಗೆ ಇನ್ನೊಂದು ಮಾತು: ಫೋನಿನ 1900ಕ್ಕೂ ಫಿಡೆ ಪಟ್ಟಿಯ 1900ಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಒಂದರಲ್ಲಿ ಎದುರಾಳಿ ಪಜಲ್, ಇನ್ನೊಂದರಲ್ಲಿ ಎದುರಾಳಿ ಮನುಷ್ಯ. ಆ ಮನುಷ್ಯ ನಮ್ಮ ಯೋಜನೆ ಕೆಡಿಸಲೆಂದೇ ಕೂತಿರುತ್ತಾನೆ.

ಪಜಲ್‌ಗೂ ಆಟಕ್ಕೂ ಇರುವ ದೊಡ್ಡ ಅಂತರ ಕಾಣಬೇಕಾದರೆ ನಮ್ಮ ಮಕ್ಕಳನ್ನು ಚೆಸ್ಸಿಗೆ ಎಳೆದ ಆ ಸಿಂಗಪುರದ ಪಂದ್ಯವನ್ನೇ ನೋಡಿ. 2024ರ ಡಿಸೆಂಬರ್ 12, ಹದಿನಾಲ್ಕನೆಯ ಆಟ, ಅದೇ ಕೊನೆಯದು. ಇಬ್ಬರಿಗೂ 6.5 ಅಂಕ. ಬೋರ್ಡಿನ ಮೇಲೆ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಎರಡು ಕಾಲಾಳು, ಬಿಳಿ ಕಾಯಿ ಆಡುತ್ತಿದ್ದ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್‌ಗೆ ಒಂದು. ಡ್ರಾ ಆಗುವ ಸ್ಥಿತಿ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆಗೆ ಆನೆ ಬದಲಾಯಿಸಿ, ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟರು. ಎ8ರ ಮೂಲೆಯಲ್ಲಿದ್ದ ಡಿಂಗ್ ಒಂಟೆಗೆ ಓಡಲು ಆ ಓರೆ ಸಾಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ಸಾಲಿನ ಮೇಲೆಯೇ ಗುಕೇಶ್ ಒಂಟೆ ಕೂತಿತ್ತು. ಒಂಟೆಗಳೂ ಬದಲಾದವು. ಉಳಿದದ್ದು ರಾಜರು ಮತ್ತು ಎರಡಕ್ಕೆ ಒಂದು ಕಾಲಾಳು. ಡಿಂಗ್ ಕೈ ಚಾಚಿ ಸೋಲೊಪ್ಪಿಕೊಂಡರು. ಎದುರಾಳಿಯ ನಡೆ ತಪ್ಪು ಎಂಬುದು ತಮಗೂ ತಕ್ಷಣ ಹೊಳೆಯಲಿಲ್ಲ, ಬೇರೆ ನಡೆ ಆಡುವವನಿದ್ದೆ ಎಂದು ಗುಕೇಶ್ ಆಮೇಲೆ ಹೇಳಿದ್ದುಂಟು.

ಇದೇ ಸ್ಥಿತಿಯನ್ನು ಬೋರ್ಡಿನ ಮೇಲಿಟ್ಟು, "ಕಪ್ಪಿನ ಸರದಿ, ಕಪ್ಪು ಗೆಲ್ಲಬೇಕು" ಎಂದು ನಮ್ಮ ತರಗತಿಯಲ್ಲಿ ಕೇಳಿದೆ. ಸಾಧಾರಣವಾಗಿ ಆಡುವ ಮಕ್ಕಳೂ ಬಿಡಿಸಿದರು. ಹಾಗಾದರೆ ವಿಶ್ವ ಚಾಂಪಿಯನ್‌ಗೆ ಕಾಣದ್ದು ಆರನೇ ಕ್ಲಾಸಿನ ಹುಡುಗನಿಗೆ ಕಂಡಿತೇ? ಖಂಡಿತ ಇಲ್ಲ. ಹುಡುಗನಿಗೆ ಒಂದು ಸುದ್ದಿ ಮೊದಲೇ ತಲುಪಿತ್ತು: ಇಲ್ಲಿ ಗೆಲುವಿದೆ, ಹುಡುಕು. ಡಿಂಗ್‌ಗೆ ಆ ಸುದ್ದಿ ಕೊಡುವವರು ಯಾರೂ ಇರಲಿಲ್ಲ. ಆ ಸುದ್ದಿಯೇ ಪಜಲ್‌ನ ಕಷ್ಟದಲ್ಲಿ ಅರ್ಧವನ್ನು ತೆಗೆದುಹಾಕುತ್ತದೆ. ಅಂಕಿಯೂ ಕಂಡರೆ ಇನ್ನಷ್ಟು ಹೋಯಿತು: 900 ಎಂದಿದ್ದರೆ ಕಣ್ಣಿಗೆ ಬಿದ್ದ ಮೊದಲ ಚೆಕ್ ಕೊಡು, 2300 ಎಂದಿದ್ದರೆ ವಿಚಿತ್ರವಾದದ್ದೇನಾದರೂ ಆಡು. ಮಕ್ಕಳು ಇದನ್ನು ಬಲುಬೇಗ ಕಲಿಯುತ್ತಾರೆ.

ಟೂರ್ನಮೆಂಟಿನಲ್ಲಿ ಸೋಲು ಬರುವುದು ಇಲ್ಲಿಂದಲೇ. ಕ್ಲಾಸಿಕಲ್ ಆಟದಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೆ 90 ನಿಮಿಷ, ಮೇಲೆ ನಡೆಗೆ 30 ಸೆಕೆಂಡ್. ಯಾವ ನಡೆಗೆ ಅರ್ಧ ನಿಮಿಷ ಸಾಕು, ಯಾವುದಕ್ಕೆ ಹದಿನೈದು ನಿಮಿಷ ಸುರಿಯಬೇಕು ಎಂದು ಗಡಿಯಾರ ಹೇಳುವುದಿಲ್ಲ, ಆರ್ಬಿಟರ್ ಹೇಳುವುದಿಲ್ಲ, ಗೋಡೆಯಾಚೆ ಕಾಯುತ್ತ ನಿಂತ ನೀವೂ ಹೇಳುವಂತಿಲ್ಲ. ಮಗು ತಾನೇ ಅಂದಾಜು ಮಾಡಬೇಕು. ನಮ್ಮಲ್ಲಿಗೆ ಬರುವ ಹುಡುಗನೊಬ್ಬನಿದ್ದಾನೆ. ಬುದ್ಧಿಗೇನೂ ಕೊರತೆಯಿಲ್ಲ. ಅವನು ಸೋತ ಆಟಗಳ ಸ್ಕೋರ್‌ಶೀಟ್ ನೋಡಿದರೆ ಒಂದೇ ಕಥೆ. ಪ್ರತಿ ನಡೆಯ ಪಕ್ಕ ಸಮಯ ಬರೆಸುತ್ತೇನೆ. ಆಟ ತಿರುಗಿದ ನಡೆಗೂ ಅವನು ಕೊಟ್ಟಿದ್ದು ಬೇರೆಲ್ಲ ನಡೆಗೆ ಕೊಟ್ಟಷ್ಟೇ ಹೊತ್ತು. ಆಟ ಮುಗಿದಾಗ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಉಳಿದಿರುತ್ತದೆ. "ಅಲ್ಲಿ ಕಷ್ಟ ಇತ್ತು ಅಂತ ಗೊತ್ತೇ ಆಗ್ಲಿಲ್ಲ ಸರ್" ಎನ್ನುತ್ತಾನೆ. ಅವನು ಹೇಳುವುದು ಸತ್ಯ. ಕಷ್ಟವನ್ನು ಗುರುತಿಸುವ ಕೆಲಸವನ್ನು ಇಷ್ಟು ದಿನ ಅವನ ಪರವಾಗಿ ಫೋನ್ ಮಾಡುತ್ತಿತ್ತು.

ಇನ್ನು ಕಷ್ಟ ಎಂಬುದು ಎಲ್ಲಿರುತ್ತದೆ? ಕಾಯಿಗಳ ಸಂಖ್ಯೆಯಲ್ಲೇ? ನಡೆಗಳ ಸಂಖ್ಯೆಯಲ್ಲೇ? ದಯವಿಟ್ಟು ಮನೆಯಲ್ಲಿ ಬೋರ್ಡ್ ತೆಗೆದು ನಾಲ್ಕೇ ಕಾಯಿ ಇಡಿ. ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ1, ಕಪ್ಪು ಆನೆ ಡಿ5. ಬಿಳಿಯ ಸರದಿ. ಕಾಲಾಳು ಸಿ7ಕ್ಕೆ ಹೋಗುತ್ತದೆ. ಆನೆ ಡಿ6ರಿಂದ ಚೆಕ್ ಕೊಡುತ್ತದೆ, ರಾಜ ಬಿ5. ಆನೆ ಡಿ5, ಮತ್ತೆ ಚೆಕ್, ರಾಜ ಬಿ4. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ರಾಜ ಬಿ3ಕ್ಕೂ, ಅಲ್ಲಿಂದ ಸಿ2ಕ್ಕೂ ಬರುತ್ತಾನೆ. ಚೆಕ್‌ಗಳು ಮುಗಿದವು. ಕಪ್ಪು ಕೊನೆಯದಾಗಿ ಒಂದು ಬಲೆ ಬೀಸುತ್ತದೆ: ಆನೆ ಡಿ4ಕ್ಕೆ. ಈಗ ಕಾಲಾಳು ಸಿ8ಕ್ಕೆ ಹೋಗಿ ರಾಣಿಯಾದರೆ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆಯಲೇಬೇಕು. ಹೊಡೆದ ಕೂಡಲೇ ಕಪ್ಪು ರಾಜನಿಗೆ ಹೋಗಲು ಒಂದು ಮನೆಯೂ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್, ಆಟ ಡ್ರಾ.

ಈ ಸ್ಥಿತಿಯ ಮೂಲ ರೂಪ 1895ರಲ್ಲಿ ಗ್ಲಾಸ್ಗೊದ ವಾರಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಅಚ್ಚಾಯಿತು. ಅಂಕಣಕಾರ ಜಾರ್ಜಸ್ ಬಾರ್ಬಿಯೆ ಆಗ ಕೇಳಿದ್ದು ಕಪ್ಪು ಹೇಗೆ ಡ್ರಾ ಮಾಡುತ್ತದೆ ಎಂದು. ಆ ಊರಿನಲ್ಲಿದ್ದ ಫರ್ನಾಂಡೊ ಸಾವೆಡ್ರಾ ಎಂಬ ಸ್ಪೇನಿನ ಪಾದ್ರಿಯೊಬ್ಬರು ಒಂದು ನಡೆ ಕಂಡುಹಿಡಿದರು: ಕಾಲಾಳನ್ನು ರಾಣಿ ಮಾಡಬೇಡಿ, ಆನೆ ಮಾಡಿ. ಈಗ ಸಿ4ರ ಬಲೆ ಕೆಲಸ ಮಾಡುವುದಿಲ್ಲ. ಎ8ಕ್ಕೆ ಹೋಗಿ ಮೇಟ್ ಮಾಡುವ ಬೆದರಿಕೆ ಇರುವುದರಿಂದ ಕಪ್ಪು ಆನೆ ಎ4ಕ್ಕೆ ಬರಲೇಬೇಕು. ರಾಜ ಬಿ3ಕ್ಕೆ ಹೆಜ್ಜೆ ಇಟ್ಟರೆ ಒಂದು ಕಡೆ ಆನೆಗೆ ಆಪತ್ತು, ಇನ್ನೊಂದು ಕಡೆ ಸಿ1ರಲ್ಲಿ ಮೇಟ್. ಎರಡನ್ನೂ ತಡೆಯಲಾಗದು. ಸಾವೆಡ್ರಾ ಹೆಸರು ಚೆಸ್ ಇತಿಹಾಸದಲ್ಲಿ ಉಳಿದಿರುವುದು ಈ ಒಂದೇ ನಡೆಯಿಂದ.

ಈ ಸ್ಥಿತಿ ಇಟ್ಟಾಗಲೆಲ್ಲ ನಮ್ಮ ಮಕ್ಕಳು ಕೂಗುವುದು "ತುಂಬಾ ಈಸಿ ಸರ್, ರಾಣಿ ಆಗುತ್ತೆ" ಎಂದು. ನಾಲ್ಕು ಕಾಯಿಗಳಿಗೆ ಮೋಸಹೋಗುವುದು ಸಹಜ. ಅಂಕಣ ಬರೆಯುವವರೇ ಮೋಸಹೋಗಿದ್ದರಲ್ಲ. ಇಲ್ಲಿನ ಕಷ್ಟ ಲೆಕ್ಕಾಚಾರದ ಉದ್ದದಲ್ಲಿಲ್ಲ. ಕಾಲಾಳು ಎಂಟನೇ ಸಾಲು ಮುಟ್ಟಿದರೆ ರಾಣಿಯೇ ಎಂದು ಒಗ್ಗಿಹೋದ ಕೈಯಲ್ಲಿದೆ. ಹಾಗೆಯೇ ನಡೆಗಳನ್ನು ಎಣಿಸಿಯೂ ಕಷ್ಟವನ್ನು ಅಳೆಯಲಾಗದು. ವಿಶ್ವ ಚೆಸ್ ಸಮಸ್ಯೆ ಬಿಡಿಸುವ ಚಾಂಪಿಯನ್‌ಶಿಪ್ ಎಂದೊಂದಿದೆ, 1977ರಿಂದ ನಡೆಯುತ್ತಿದೆ. ಅಲ್ಲಿ ಎರಡೇ ನಡೆಯಲ್ಲಿ ಮೇಟ್ ಮಾಡುವ ಮೂರು ಸಮಸ್ಯೆಗಳಿಗೆ ಜಗತ್ತಿನ ನುರಿತವರಿಗೇ 20 ನಿಮಿಷ ಕೊಡುತ್ತಾರೆ. ಆ ಸಮಸ್ಯೆಗಳ ಮೊದಲ ನಡೆ ಸಾಮಾನ್ಯವಾಗಿ ಚೆಕ್ ಆಗಿರುವುದಿಲ್ಲ, ಯಾವ ಕಾಯಿಯನ್ನೂ ಹೊಡೆಯುವುದಿಲ್ಲ. ಮೆಲ್ಲಗೆ ಪಕ್ಕಕ್ಕೆ ಸರಿಯುವ ನಡೆ. ಚೆಕ್ ಮತ್ತು ಹೊಡೆತಗಳನ್ನೇ ಹುಡುಕಲು ಪಳಗಿದ ಕಣ್ಣು ಅದರ ಮೇಲೆ ಹಾದುಹೋಗಿಬಿಡುತ್ತದೆ. ಹಿಂದಕ್ಕೆ ಬರುವ ನಡೆಗಳ ಕಥೆಯೂ ಇದೇ. ಮುಂದೆ ನುಗ್ಗುವ ಕುದುರೆ ಎಲ್ಲರಿಗೂ ಕಾಣುತ್ತದೆ, ತನ್ನ ಮನೆ ಕಡೆ ಮರಳುವ ಕುದುರೆ ಬಹಳ ಜನರಿಗೆ ಕಾಣುವುದಿಲ್ಲ. ಎಮ್ಯಾನುಯೆಲ್ ನೇಮನ್ ಮತ್ತು ಯೋಚನನ್ ಅಫೆಕ್ ಇಂಥ ಕಣ್ತಪ್ಪುವ ನಡೆಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ.

ಇದರ ಮೇಲೆ ಕಷ್ಟ ಆಳಿನಿಂದ ಆಳಿಗೆ ಬದಲಾಗುತ್ತದೆ. ರಾಣಿಯನ್ನು ಜಿ8ರಲ್ಲಿ ಬಲಿಕೊಟ್ಟು, ಆನೆ ಅದನ್ನು ಹೊಡೆದಾಗ ಕುದುರೆಯನ್ನು ಎಫ್7ಕ್ಕೆ ಹಾರಿಸಿ, ತನ್ನದೇ ಕಾಯಿಗಳ ನಡುವೆ ಉಸಿರು ಕಟ್ಟಿದ ರಾಜನಿಗೆ ಮೇಟ್ ಕೊಡುವ ಒಂದು ಹಳೆಯ ಪಟ್ಟು ಇದೆ. 1497ರಲ್ಲಿ ಲುಸೆನಾ ಎಂಬವರು ಬರೆದ ಚೆಸ್ ಪುಸ್ತಕದಲ್ಲೇ ಅದು ಸಿಗುತ್ತದೆ. ಒಮ್ಮೆಯೂ ನೋಡದ ಮಗುವಿಗೆ ಅದು ಪರ್ವತ. ನೋಡಿದ ಮಗುವಿಗೆ ಎರಡು ಸೆಕೆಂಡಿನ ಕೆಲಸ. ಪಳಗಿದ ಆಟಗಾರರು ಬೋರ್ಡನ್ನು ಬಿಡಿ ಬಿಡಿ ಕಾಯಿಗಳಾಗಿ ನೋಡದೆ, ಪರಿಚಿತ ಗೊಂಚಲುಗಳಾಗಿ ನೋಡುತ್ತಾರೆ ಎಂದು ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲೇ ತೋರಿಸಿದರು. ಆದರೆ ಪರಿಚಯಕ್ಕೆ ಇನ್ನೊಂದು ಮುಖವೂ ಇದೆ. 2008ರಲ್ಲಿ ಮೆರಿಮ್ ಬಿಲಾಲಿಚ್, ಪೀಟರ್ ಮೆಕ್‌ಲಿಯೋಡ್, ಫೆರ್ನಾಂಡ್ ಗೋಬೆ ಎಂಬ ಸಂಶೋಧಕರು ಇದೇ ಉಸಿರುಕಟ್ಟಿನ ಮೇಟ್ ಇರುವ ಸ್ಥಿತಿಯೊಂದನ್ನು ಒಳ್ಳೆಯ ಆಟಗಾರರ ಮುಂದಿಟ್ಟರು. ಅದಕ್ಕಿಂತ ಚಿಕ್ಕದಾದ, ಅಷ್ಟು ಪರಿಚಿತವಲ್ಲದ ಮೇಟ್ ಕೂಡ ಅಲ್ಲೇ ಇತ್ತು. ಇನ್ನೂ ಚಿಕ್ಕದನ್ನು ಹುಡುಕುತ್ತಿದ್ದೇವೆ ಎಂದು ಆಟಗಾರರು ಹೇಳಿದರು; ಅವರ ಕಣ್ಣಿನ ಚಲನೆಯನ್ನು ಅಳೆದರೆ ನೋಟ ಮತ್ತೆ ಮತ್ತೆ ಹಳೆಯ ಮೇಟ್‌ನ ಮನೆಗಳಿಗೇ ಹೋಗುತ್ತಿತ್ತು. ಗೊತ್ತಿರುವುದೇ ಗೊತ್ತಿಲ್ಲದ್ದನ್ನು ಮರೆಮಾಡಿತು. ಒಂದೇ ಬಗೆಯ ಪಜಲ್ ನೂರಾರು ತಿಂದ ಮಗು ಆ ಬಗೆಯಲ್ಲಿ ಚುರುಕಾಗುತ್ತದೆ ನಿಜ. ಬೇರೆ ಬಗೆ ಎದುರಾದಾಗ ಅದೇ ಮಗು ಹಳೆಯದನ್ನೇ ಹುಡುಕುತ್ತ ಕೂರುವುದನ್ನೂ ನಾನು ದಿನವೂ ನೋಡುತ್ತೇನೆ.

ಹಾಗಾದರೆ ಕಷ್ಟವನ್ನು ನಿಖರವಾಗಿ ಹೇಳಬಲ್ಲವರು ಯಾರು? ಸ್ಲೊವೇನಿಯದ ಲ್ಯುಬ್ಲಿಯಾನಾದ ಮತೇಯ್ ಗೀಡ್, ಇವಾನ್ ಬ್ರಾಟ್ಕೊ ಮತ್ತು ದಯಾನಾ ಹ್ರಿಸ್ತೊವಾ ಇದನ್ನೇ ಪರೀಕ್ಷಿಸಿ 2014ರಲ್ಲಿ ಬರೆದರು. ಪಜಲ್‌ಗಳ ಕಷ್ಟವನ್ನು ನುರಿತ ಆಟಗಾರರಿಂದ ಅಂದಾಜು ಮಾಡಿಸಿ, ಸಾವಿರಾರು ಜನ ಬಿಡಿಸಿದ್ದರಿಂದ ಬಂದ ರೇಟಿಂಗ್‌ಗಳ ಜೊತೆ ಹೋಲಿಸಿದರು. ಕಷ್ಟವನ್ನು ಅಳೆಯುವುದು ನುರಿತವರಿಗೂ ಬಹಳ ಕಷ್ಟ ಎಂಬುದು ಅವರು ಕಂಡುಕೊಂಡದ್ದು. 2024ರಲ್ಲಿ ಐಇಇಇ ಬಿಗ್ ಡೇಟಾ ಸಮ್ಮೇಳನದ ಜೊತೆಗೆ ಒಂದು ಸ್ಪರ್ಧೆಯೇ ನಡೆಯಿತು: ಸ್ಥಿತಿ ಮತ್ತು ಉತ್ತರದ ನಡೆಗಳನ್ನು ಕೊಡುತ್ತೇವೆ, ಲಿಚೆಸ್‌ನಲ್ಲಿ ಆ ಪಜಲ್ ಗಳಿಸಿರುವ ರೇಟಿಂಗನ್ನು ನಿಮ್ಮ ಪ್ರೋಗ್ರಾಂ ಊಹಿಸಲಿ ಎಂದು. ಉತ್ತರವನ್ನು ಕ್ಷಣದಲ್ಲಿ ಕಂಡುಹಿಡಿಯುವ ಯಂತ್ರಗಳಿವೆ. ಮನುಷ್ಯನಿಗೆ ಅದು ಎಷ್ಟು ಕಷ್ಟವಾದೀತು ಎಂದು ಹೇಳುವುದು ಮಾತ್ರ ಇನ್ನೂ ಸ್ಪರ್ಧೆಯ ವಿಷಯ.

ಇಷ್ಟೆಲ್ಲ ಹೇಳಿದ್ದು ಅಂಕಿಯನ್ನು ಹೀಗಳೆಯಲು ಅಲ್ಲ. ಮಗುವಿನ ಮಟ್ಟಕ್ಕೆ ಹೊಂದುವ ಪಜಲ್ ಆರಿಸಲು ಅದು ಒಳ್ಳೆಯ ಸಾಧನ. ಚಪ್ಪಲಿ ಅಂಗಡಿಯಲ್ಲಿ ಸೈಜ್ ನೋಡಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ; ಸೈಜ್ ದೊಡ್ಡದಾಯಿತೆಂದು ಯಾರೂ ನಡಿಗೆಯನ್ನು ಹೊಗಳುವುದಿಲ್ಲ. "ಅಂಕಿ ಇಲ್ಲದಿದ್ದರೆ ಮಕ್ಕಳಿಗೆ ಹುರುಪೇ ಬರೋದಿಲ್ಲ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಶುರುವಿನಲ್ಲಿ ಅದು ನಿಜವೂ ಹೌದು. ಆದರೆ ಆ ಹುರುಪು ಅಂಕಿ ಏರುವ ತನಕ ಮಾತ್ರ. ಇಳಿಯತೊಡಗಿದ ದಿನ ಮಗು ಎರಡರಲ್ಲಿ ಒಂದು ಮಾಡುತ್ತದೆ: ಪಜಲ್ ಮುಟ್ಟುವುದನ್ನೇ ಬಿಡುತ್ತದೆ, ಇಲ್ಲವೇ ಪಕ್ಕದಲ್ಲಿ ಎಂಜಿನ್ ತೆರೆದಿಟ್ಟುಕೊಂಡು ಬಿಡಿಸುತ್ತದೆ. ಎರಡನ್ನೂ ಕಂಡಿದ್ದೇನೆ. ಎರಡನೆಯದನ್ನು ಮಾಡಿದ ಮಕ್ಕಳು ಕೆಟ್ಟವರಲ್ಲ. ಮನೆಯಲ್ಲಿ ದಿನವೂ ಕೇಳುವ ಅಂಕಿಯನ್ನು ಹೇಗೋ ಹೊಂದಿಸಿ ಕೊಟ್ಟವರು.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ. ಯಾವುದಕ್ಕೂ ದುಡ್ಡು ಬೇಡ. ಚೆಸ್ ಬಾರದ ತಂದೆತಾಯಿಯೂ ಇವನ್ನು ಮಾಡಬಹುದು.

ಮೊದಲನೆಯದು, ಅಂದಾಜು. ಮಗು ಪಜಲ್ ಬಿಡಿಸುವ ಮೊದಲು ಅರ್ಧ ನಿಮಿಷ ನೋಡಿ, ನೋಟ್‌ಪುಸ್ತಕದಲ್ಲಿ ಒಂದು ಪದ ಬರೆಯಲಿ: ಸುಲಭ, ಮಧ್ಯಮ ಅಥವಾ ಕಷ್ಟ. ಎಷ್ಟು ನಿಮಿಷ ಬೇಕಾದೀತು ಎಂದೂ ಬರೆಯಲಿ. ಬಿಡಿಸಿದ ಮೇಲೆ ಪಕ್ಕದಲ್ಲಿ ನಿಜವಾಗಿ ಆದದ್ದನ್ನು ಬರೆಯಲಿ. ನಮ್ಮ ತರಗತಿಯ ಹುಡುಗಿಯೊಬ್ಬಳು ಇದನ್ನು ಶ್ರದ್ಧೆಯಿಂದ ಮಾಡಿದಳು. ಕೆಲವು ವಾರಗಳ ನಂತರ ಇಬ್ಬರೂ ಕೂತು ಪುಟ ತಿರುವಿದೆವು. "ಸುಲಭ" ಎಂದು ಬರೆದು ಅವಳು ತಪ್ಪಿದ್ದವುಗಳಿಗೆ ಮಾತ್ರ ಗುರುತು ಹಾಕಿದೆವು. ಅವುಗಳಲ್ಲಿ ಬಹುಪಾಲು ಕಡೆ ಎದುರಾಳಿಯ ಒಂಟೆ ದೂರದ ಮೂಲೆಯಿಂದ ಬಂದು ಮೇಟ್ ತಡೆದಿತ್ತು. "ಅಯ್ಯೋ, ಎಲ್ಲಾ ಅದೇ ಒಂಟೆ ಸರ್!" ಎಂದಳು. ಆಮೇಲಿನಿಂದ ಯಾವ ನಡೆಗೂ ಮೊದಲು ಓರೆ ಸಾಲುಗಳ ಮೇಲೆ ಬೆರಳಾಡಿಸಿ ನೋಡುವ ಅಭ್ಯಾಸ ಅವಳಿಗೆ ತಾನಾಗಿ ಬಂತು. ಯಾವ ಆ್ಯಪಿನ ಅಂಕಿಯೂ ಅವಳಿಗೆ ಇದನ್ನು ಹೇಳಿರಲಿಲ್ಲ.

ಎರಡನೆಯದು, ಬೋರ್ಡ್. ವಾರಕ್ಕೆ ಕೆಲವು ಪಜಲ್‌ಗಳನ್ನಾದರೂ ಫೋನ್ ಬಿಟ್ಟು ಮರದ ಅಥವಾ ಪ್ಲಾಸ್ಟಿಕ್ ಬೋರ್ಡಿನ ಮೇಲೆ ಇಟ್ಟುಕೊಳ್ಳಲಿ. ಕಾಯಿ ಮುಟ್ಟುವ ಮೊದಲು ತನ್ನ ನಡೆ, ಅದಕ್ಕೆ ಎದುರಾಳಿಯ ಅತ್ಯುತ್ತಮ ಉತ್ತರ, ಅದಕ್ಕೆ ತನ್ನ ಮರುನಡೆ, ಇಷ್ಟನ್ನು ಬರೆಯಲಿ. ಮೊದಲ ನಡೆ ಸರಿಯಿದ್ದು ಎದುರಾಳಿಯ ಉತ್ತರ ತಪ್ಪಿದ್ದರೆ ಆ ಪಜಲ್ ಬಿಡಿಸಿದ ಲೆಕ್ಕಕ್ಕೆ ಬರದು. ಪುಸ್ತಕ ಬೇಕೆನಿಸಿದರೆ ಹಂಗೆರಿಯ ಲಾಸ್ಲೊ ಪೋಲ್ಗರ್ 1994ರಲ್ಲಿ ಹೊರತಂದ ದಪ್ಪ ಸಂಗ್ರಹವಿದೆ. ಅವರೂ ನಿಮ್ಮಂತೆ ಒಬ್ಬ ತಂದೆ. ಸುಸಾನ್, ಸೋಫಿಯಾ, ಜೂಡಿತ್ ಎಂಬ ಮೂವರು ಹೆಣ್ಣುಮಕ್ಕಳನ್ನು ಚೆಸ್ಸಿನಲ್ಲಿ ಬೆಳೆಸಿದವರು. ಒಟ್ಟು 5334ರಲ್ಲಿ ಒಂದು ನಡೆಯ ಮೇಟ್ 306, ಎರಡು ನಡೆಯದು 3412, ಮೂರು ನಡೆಯದು 744. ಬಗೆವಾರು ಜೋಡಿಸಿದ್ದಾರೆ, ಯಾವುದರ ಪಕ್ಕದಲ್ಲೂ ರೇಟಿಂಗ್ ಇಲ್ಲ. ಕಷ್ಟವನ್ನು ಮಗುವೇ ಕಂಡುಕೊಳ್ಳಬೇಕು.

ಮೂರನೆಯದು, ಸುಳಿವು. ಮಗುವಿಗೆ ಪಜಲ್ ಕೊಡುವಾಗ "ಫೋರ್ಕ್ ಇದೆ ನೋಡು", "ಎರಡೇ ನಡೆ" ಎಂದು ಹೇಳಬೇಡಿ. ಆಗೊಮ್ಮೆ ಈಗೊಮ್ಮೆ ಯಾವ ತಂತ್ರವೂ ಇಲ್ಲದ ಸಾದಾ ಸ್ಥಿತಿಯನ್ನು ನಡುವೆ ಸೇರಿಸಿ. "ಇಲ್ಲಿ ಏನೂ ಇಲ್ಲ, ನೆಟ್ಟಗೆ ಒಂದು ಒಳ್ಳೆಯ ನಡೆ ಆಡಬೇಕು ಅಷ್ಟೇ" ಎಂದು ಧೈರ್ಯವಾಗಿ ಹೇಳುವುದೂ ಒಂದು ಉತ್ತರ. ಟೂರ್ನಮೆಂಟಿನಲ್ಲಿ ಬಹುಪಾಲು ನಡೆಗಳು ಹಾಗೇ ಇರುತ್ತವೆ.

ನಾಲ್ಕನೆಯದು, ಎಂಜಿನ್. ಪಜಲ್ ಬಿಡಿಸಲಾಗದಿದ್ದರೆ ಆ ದಿನಕ್ಕೆ ಹಾಗೇ ಬಿಟ್ಟುಬಿಡಿ. ನಾಳೆ ನೋಡಲಿ, ನಾಡಿದ್ದು ನೋಡಲಿ. ಗುಕೇಶ್ ಚಿಕ್ಕವರಿದ್ದಾಗ ಅವರ ತರಬೇತುದಾರ ವಿಷ್ಣು ಪ್ರಸನ್ನ ಅವರನ್ನು ಬಹಳ ಕಾಲ ಎಂಜಿನ್‌ನಿಂದ ದೂರವಿಟ್ಟಿದ್ದರು. ರೇಟಿಂಗ್ 2500ರ ಆಸುಪಾಸಿಗೆ ಬಂದ ಮೇಲೆಯೇ ಅದರ ಬಳಕೆ. ಅವರ ದಾರಿ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಆದರೆ ಎರಡು ನಿಮಿಷಕ್ಕೇ ಉತ್ತರ ತೆರೆಯುವ ಮಗುವಿಗೆ ಕಷ್ಟದ ಜೊತೆ ಕೂರುವ ಅಭ್ಯಾಸ ಎಲ್ಲಿಂದ ಬರಬೇಕು?

ಐದನೆಯದು, ನಮ್ಮ ನೆಲದ ಒಂದು ಆಟ. ಖಾಲಿ ಬೋರ್ಡಿನ ಮೇಲೆ ಒಂದೇ ಕುದುರೆ ಇಡಿ. ಒಮ್ಮೆ ಹೋದ ಮನೆಗೆ ಮತ್ತೆ ಹೋಗದೆ ಅದು 64 ಮನೆಗಳನ್ನೂ ಮುಟ್ಟಬೇಕು. ಒಂಬತ್ತನೇ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಇಂಥದೇ ಕುದುರೆ ನಡಿಗೆ, ಅರ್ಧ ಬೋರ್ಡಿನ ಮೇಲೆ, ಪದ್ಯಬಂಧವಾಗಿ ಬಂದಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ನಡಿಗೆಗಳನ್ನು ತಾವೇ ರಚಿಸಿದವರು. ಇದರಲ್ಲಿ ಎದುರಾಳಿ ಇಲ್ಲ, ಗಡಿಯಾರ ಇಲ್ಲ, ರೇಟಿಂಗ್ ಇಲ್ಲ. ಮೊದಲ ಪ್ರಯತ್ನಗಳಲ್ಲಿ ಮಕ್ಕಳು ಸಾಮಾನ್ಯವಾಗಿ ನಡುವಿನ ಮನೆಗಳನ್ನು ಖುಷಿಯಿಂದ ಮುಗಿಸಿ ಮೂಲೆಗಳಲ್ಲಿ ಸಿಕ್ಕಿಬೀಳುತ್ತಾರೆ. ವಾರ್ನ್ಸ್‌ಡೋರ್ಫ್ ಎಂಬ ಜರ್ಮನ್ 1823ರಲ್ಲಿ ಹೇಳಿದ ಸೂತ್ರ ಸರಳ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹೋಗು. ಅಂದರೆ ಎಲ್ಲಿ ಕಷ್ಟ ಎಂದು ಮೊದಲೇ ಗುರುತಿಸು, ಅದನ್ನು ಮುಂದೂಡಬೇಡ. ಸೂತ್ರವನ್ನು ನೀವು ಹೇಳಿಕೊಡಬೇಡಿ. ಕೆಲವು ಸಂಜೆಗಳಲ್ಲಿ ಮಗುವೇ ಅದರ ಹತ್ತಿರ ಬರುತ್ತದೆ.

ಕೊನೆಯದು, ಮಾತು. ಮಗು ಪಜಲ್ ಮುಗಿಸಿ ಎದ್ದಾಗ "ಎಷ್ಟಾಯ್ತು?" ಎಂದು ಕೇಳುವ ಬದಲು "ಯಾವುದು ಕಷ್ಟ ಆಯ್ತು? ಎಲ್ಲಿ ಸಿಕ್ಕಿಕೊಂಡೆ?" ಎಂದು ಕೇಳಿ. ಪಕ್ಕದ ಮನೆ ಹುಡುಗನ ರೇಟಿಂಗ್ ಜೊತೆ ಹೋಲಿಸಬೇಡಿ. ಆ ಎರಡು ಮಕ್ಕಳು ಬಿಡಿಸಿದ ಪಜಲ್‌ಗಳೂ ಬೇರೆ, ಎಡವಿದ ಜಾಗಗಳೂ ಬೇರೆ. ಮಗು ವಿವರಿಸುವುದು ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ತನ್ನ ಕಷ್ಟ ಎಲ್ಲಿತ್ತೆಂದು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅದಕ್ಕೆ ಅರ್ಧ ಅರ್ಥವಾಗಿರುತ್ತದೆ.

ಇಷ್ಟು ಮಾಡಿದರೆ ಫೋನಿನ ಅಂಕಿ ಮೊದಲಿನಷ್ಟು ಬೇಗ ಏರದಿರಬಹುದು, ಸ್ವಲ್ಪ ಇಳಿಯಲೂಬಹುದು. ಆಗ ದಯವಿಟ್ಟು ಗಾಬರಿಯಾಗಬೇಡಿ, ಮಗುವನ್ನೂ ಗಾಬರಿಪಡಿಸಬೇಡಿ. ಸ್ಕೋರ್‌ಶೀಟ್ ನೋಡಿ. ಕಷ್ಟದ ನಡೆಗೆ ಮಗು ನಿಂತು ಯೋಚಿಸಿತೇ, ಸುಲಭದ್ದಕ್ಕೆ ಸಮಯ ಉಳಿಸಿತೇ ಎಂಬುದು ಅಲ್ಲಿ ಬರೆದಿರುತ್ತದೆ. ಮುಂದಿನ ಟೂರ್ನಮೆಂಟಿನಿಂದ ಮಗು ಬಂದಾಗ ಗೆದ್ದೆಯೋ ಸೋತೆಯೋ ಎಂದು ಕೇಳುವ ಮೊದಲು ಆ ಹಾಳೆಯನ್ನು ಒಮ್ಮೆ ಕೇಳಿ ನೋಡಿ. ಅದನ್ನು ತರಗತಿಗೂ ಕಳಿಸಿಕೊಡಿ. ಬಾಗಿಲಲ್ಲಿ ನಿಂತು ಕೇಳಿದ ನಿಮ್ಮ ಪ್ರಶ್ನೆಗೆ ಮಗುವೂ ನೀವೂ ನಾನೂ ಕೂತು ಉತ್ತರ ಹುಡುಕೋಣ.

ಇಂತಿ ತಮ್ಮ ವಿಶ್ವಾಸಿ,

ಸಂಜೆ ತರಗತಿಯ ಒಬ್ಬ ಚೆಸ್ ಮೇಷ್ಟ್ರು